ಒಂದೇ ಎಲ್‌ಇಡಿ, ಮೂರು ಬೋರ್ಡು

ಕೆಲಸ ತೀರಾ ಸಣ್ಣದು. ಬಟನ್ ಒತ್ತಿದರೆ ಎಲ್‌ಇಡಿ ಹತ್ತಬೇಕು, 40 ಸೆಕೆಂಡ್ ಆದ ಮೇಲೆ ತಾನೇ ಆರಬೇಕು. ಮೈಕ್ರೊಕಂಟ್ರೋಲರ್ (ಒಂದೇ ಚಿಪ್ಪಿನೊಳಗಿರುವ ಪುಟ್ಟ ಕಂಪ್ಯೂಟರ್) ಕಲಿಯಲು ಯಾವ ಬೋರ್ಡ್ ಒಳ್ಳೆಯದು ಅನ್ನೋ ವಾದಗಳನ್ನು ಓದಿ ಓದಿ ಸಾಕಾಗಿ, ಇದೊಂದನ್ನೇ ಮೂರು ಬೋರ್ಡಿನಲ್ಲಿ ಮಾಡಿ ನೋಡಿದೆ.

ರಾಸ್ಪ್‌ಬೆರಿ ಪೈ ಪಿಕೊ ಮೇಲೆ ಮೈಕ್ರೊಪೈಥಾನ್ (ಸಣ್ಣ ಚಿಪ್‌ಗಳಿಗೆಂದೇ ಇರುವ ಪೈಥಾನ್ ಭಾಷೆ) ಹಾಕಿಕೊಂಡೆ. ಅರ್ಧ ಗಂಟೆಯಲ್ಲಿ ಮುಗಿಯಿತು. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಎಲ್‌ಇಡಿ ಆಗಲೇ ಹತ್ತಿರುತ್ತದೆ. 264 ಕೆಬಿ ರ್‍ಯಾಮ್ ಇದೆ, ಮೆಮೊರಿಯ ಯೋಚನೆಯೇ ಬರುವುದಿಲ್ಲ. ಖುಷಿಯೇನೋ ಆಯಿತು. ಆದರೆ ನಾನು ಕಲಿತದ್ದು ಪೈಥಾನ್, ಚಿಪ್ ಅಲ್ಲ.

ಆರ್ಡುಯಿನೋ ಯುನೋ ಹಾಗೆ ಸುಮ್ನೆ ಬಿಡಲಿಲ್ಲ. ಮೊದಲು 30 ಸೆಕೆಂಡ್ ಇಟ್ಟು ನೋಡಿದೆ, ಸರಿಯಾಗಿ ಆರಿತು. ಲೆಕ್ಕವೆಲ್ಲ ಮಿಲಿಸೆಕೆಂಡಿನಲ್ಲಿ, ಹಾಗಾಗಿ ಅದೇ ಸಾಲಿನಲ್ಲಿ 30 * 1000 ಇದ್ದದ್ದನ್ನು 40 * 1000 ಮಾಡಿದೆ. ಎಲ್‌ಇಡಿ ಆರಲೇ ಇಲ್ಲ! ವೈರ್ ಬದಲಿಸಿದೆ, ಬಟನ್ ಬದಲಿಸಿದೆ, ಒಂದು ಸಂಜೆ ಪೂರ್ತಿ ಹೋಯಿತು. ಕೊನೆಗೆ ಗೊತ್ತಾಯಿತು: ಅದರಲ್ಲಿರುವ ಎಟಿಮೆಗಾ 328ಪಿ 8 ಬಿಟ್ ಚಿಪ್. ಅಲ್ಲಿ ‘ಇಂಟ್’, ಅಂದರೆ ಮಾಮೂಲಿ ಪೂರ್ಣಾಂಕಕ್ಕೆ ಸಿಗುವ ಜಾಗ, 16 ಬಿಟ್ ಮಾತ್ರ, 32767 ದಾಟಿದರೆ ಲೆಕ್ಕ ಮೈನಸ್‌ಗೆ ತಿರುಗುತ್ತದೆ. ಆ ಮೈನಸ್ ಸಂಖ್ಯೆಯನ್ನು ಮಿಲಿಸೆಕೆಂಡ್ ಲೆಕ್ಕದ ಜೊತೆ ಹೋಲಿಸುವಾಗ ಅದು ನಾನೂರು ಕೋಟಿ ದಾಟಿದ ಸಂಖ್ಯೆಯಾಗುತ್ತದೆ. ಎಲ್‌ಇಡಿ ಸುಮಾರು 49 ದಿನ ಉರಿಯಲು ಸಿದ್ಧವಾಗಿ ಕೂತಿತ್ತು. ಪೈಥಾನ್‌ನಲ್ಲಿ ಈ ತಪ್ಪು ಮಾಡೋಣ ಅಂದರೂ ಆಗುವುದಿಲ್ಲ, ಅಲ್ವಾ?

ಅದೇ ಯುನೋದಲ್ಲಿ ಆಮೇಲೆ ಆರ್ಡುಯಿನೋ ಲೈಬ್ರರಿ (ಅವರೇ ಬರೆದಿಟ್ಟ ಸಿದ್ಧ ಕೋಡ್) ಬಿಟ್ಟು, ನೇರವಾಗಿ ರಿಜಿಸ್ಟರ್‌ಗೆ, ಅಂದರೆ ಪಿನ್‌ಗಳನ್ನು ನಡೆಸುವ ಚಿಪ್ ಒಳಗಿನ ಮೆಮೊರಿ ಜಾಗಕ್ಕೆ, ಬರೆದೆ. 13ನೇ ಪಿನ್ ಅಂದರೆ ಪೋರ್ಟ್ ಬಿ ರಿಜಿಸ್ಟರಿನ 5ನೇ ಬಿಟ್, ಅಷ್ಟೇ. ಡೇಟಾಶೀಟ್ (ಚಿಪ್ ತಯಾರಕರ ವಿವರ ಪುಸ್ತಕ) ತೆರೆದು ಅಲ್ಲಿ ಓದಿದ ಬಿಟ್ಟನ್ನು ಇಲ್ಲಿ 1 ಮಾಡಿದಾಗ ಎಲ್‌ಇಡಿ ಹತ್ತಿತಲ್ಲ, ನನ್ನ ಕಲಿಕೆ ಶುರುವಾದದ್ದು ಅಲ್ಲಿಂದಲೇ.

ಎಸ್‌ಟಿಎಂ32 ಎಫ್103 ಬೋರ್ಡಿನಲ್ಲಿ ಇದೇ ಕೆಲಸ ಎರಡು ದಿನ ತಿಂದಿತು. 32 ಬಿಟ್, 72 ಮೆಗಾಹರ್ಟ್ಸ್ ಚಿಪ್. ಮ್ಯಾನ್ಯುಯಲ್ ಸಾವಿರ ಪುಟಕ್ಕೂ ಜಾಸ್ತಿ. ಪಿನ್ ಬಳಸುವ ಮೊದಲು ಆ ಪೋರ್ಟಿಗೆ (ಪಿನ್‌ಗಳ ಗುಂಪಿಗೆ) ಕ್ಲಾಕ್, ಅಂದರೆ ಅದನ್ನು ನಡೆಸುವ ಮಿಡಿತ, ಕೊಡಬೇಕು. ನಾನು ಮರೆತೆ. ಎರರ್ ಇಲ್ಲ, ಎಲ್‌ಇಡಿಯೂ ಇಲ್ಲ. ಆದರೆ ಇಲ್ಲಿ ಡಿಬಗ್ಗರ್ (ತಪ್ಪು ಹುಡುಕುವ ಸಾಧನ) ಸಿಕ್ಕಿಸಿ ಪ್ರೋಗ್ರಾಮನ್ನು ನಡುವೆಯೇ ನಿಲ್ಲಿಸಬಹುದು. ನಿಲ್ಲಿಸಿ ನೋಡಿದರೆ, ನಾನು ಬರೆದ ಬೆಲೆ ರಿಜಿಸ್ಟರ್‌ನಲ್ಲಿ ಇಲ್ಲವೇ ಇಲ್ಲ, ಬರೀ ಸೊನ್ನೆ. ಕಾರಣ ಹತ್ತು ನಿಮಿಷದಲ್ಲಿ ಸಿಕ್ಕಿತು. ಯುನೋದಲ್ಲಿ ಸೀರಿಯಲ್ ಪ್ರಿಂಟ್ ಹಾಕುತ್ತಾ (ಬೆಲೆಗಳನ್ನು ಕಂಪ್ಯೂಟರ್ ಪರದೆಗೆ ಕಳಿಸಿ ನೋಡುತ್ತಾ) ಕಳೆದ ಸಂಜೆ ನೆನಪಾಗಿ ಹೊಟ್ಟೆ ಉರಿಯಿತು.

ಹೊಸಬರು ಕೇಳಿದರೆ ನಾನು ಯುನೋ ಅನ್ನುತ್ತೇನೆ, ಆದರೆ ಒಂದು ತಿಂಗಳಾದ ಮೇಲೆ ಲೈಬ್ರರಿ ಬಿಡಬೇಕು. ಆಮೇಲೆ ಎಸ್‌ಟಿಎಂ32, ಡಿಬಗ್ಗರ್ ಸಮೇತ. ಏನಾದರೂ ಬೇಗ ಮಾಡಿ ನೋಡಬೇಕಾದಾಗ ನಾನೇ ಪಿಕೊ ಎತ್ತಿಕೊಳ್ಳುತ್ತೇನೆ.

ಅಂದಹಾಗೆ, ಒಮ್ಮೆ ಒತ್ತಿದ ಬಟನ್ನು ನಾಲ್ಕೈದು ಸಲ ಒತ್ತಿದಂತೆ ಎಣಿಕೆಯಾಗುವ ಕಾಟ ಮೂರರಲ್ಲೂ ಇತ್ತು. ಅದು ಬಟನ್ ಒಳಗಿನ ಲೋಹ ಕುಣಿಯುವುದರಿಂದ ಬರುವುದು. ಅದಕ್ಕೆ ಯಾವ ಬೋರ್ಡಾದರೇನು!