ಹಳೇ ಇಟ್ಟಿಗೆ ಗೋಡೆಗೆ ಹೆಲಿಕಲ್ ಟೈ: ನನ್ನ ಅನುಭವ

ನಡುವೆ ಸಂದು ಬಿಟ್ಟು ಎರಡು ಪದರದಲ್ಲಿ ಕಟ್ಟಿದ ಹಳೇ ಗೋಡೆಗಳನ್ನು ಸರಿಪಡಿಸುವುದು ನನ್ನ ಕೆಲಸ. ಅದಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಹೆಲಿಕಲ್ ಟೈ, ಅಂದರೆ ಎರಡೂ ಪದರವನ್ನು ಜೋಡಿಸಿ ಹಿಡಿದಿಡುವ ಸುರುಳಿಯಾಕಾರದ ಕಡ್ಡಿ, ನನಗೆ ತುಂಬಾ ಹಿಡಿಸಿದೆ.

ಹಳೇ ಟೈಗಳು ಬಹುತೇಕ ಸತು ಲೇಪಿಸಿದ ಸಾದಾ ಉಕ್ಕು. ಲೇಪ ಸವೆದರೆ ತುಕ್ಕು. ತುಕ್ಕಿಗೆ ಉಕ್ಕಿಗಿಂತ ಜಾಸ್ತಿ ಜಾಗ ಬೇಕು, ಅಲ್ವಾ? ಅದು ಇಟ್ಟಿಗೆ ಸಾಲನ್ನೇ ಮೇಲೆತ್ತುತ್ತದೆ. ಗಾರೆಯಲ್ಲಿ ಸಮ ಅಂತರಕ್ಕೆ ಅಡ್ಡ ಬಿರುಕು ಕಂಡರೆ ಮೊದಲು ಟೈಗಳನ್ನೇ ಅನುಮಾನಿಸಿ. ಸುಮ್ನೆ ಗಾರೆ ಮೆತ್ತಿ ಮುಚ್ಚಬೇಡಿ.

ಹೆಲಿಕಲ್ ಟೈ ಹಾಕುವ ರೀತಿಯೇ ಚೆಂದ. 8 ಮಿ.ಮೀ. ಟೈಗೆ ಸಾಮಾನ್ಯವಾಗಿ 5ರಿಂದ 6 ಮಿ.ಮೀ. ರಂಧ್ರ ಸಾಕು. ಅಡಾಪ್ಟರ್ ಸಿಕ್ಕಿಸಿದ ಹ್ಯಾಮರ್ ಡ್ರಿಲ್ ಹೊಡೆದಂತೆ ಟೈ ಸ್ಕ್ರೂನಂತೆ ತಿರುಗುತ್ತಾ ಎರಡೂ ಪದರವನ್ನು ಕಚ್ಚಿಕೊಳ್ಳುತ್ತದೆ. ಅಂಟು ಬೇಡ, ಒಣಗಲು ಕಾಯುವುದೂ ಬೇಡ. ತುದಿಯನ್ನು ಒಳಗೆ ತಳ್ಳಿ, ಬಣ್ಣ ಹೊಂದುವ ಸುಣ್ಣದ ಗಾರೆ ತುಂಬಿದರೆ ಗುರುತೂ ಕಾಣದು.

ಆದರೆ ಪುಡಿಯಾಗುವ ಇಟ್ಟಿಗೆಯಲ್ಲಿ, ತೂತಿನ ಇಟ್ಟಿಗೆಯಲ್ಲಿ ಹಿಡಿತ ಸಾಲದೇ ಹೋಗಬಹುದು. ಅಲ್ಲಿ ರೆಸಿನ್ ಟೈ, ಅಂದರೆ ರಾಳದ ಅಂಟು ಹಾಕಿ ಕೂರಿಸುವ ಟೈ, ಮೇಲು. ಕೆಲಸಕ್ಕೆ ಮೊದಲು ಕೆಲವನ್ನು ಹಾಕಿ ಎಳೆದು ಪರೀಕ್ಷಿಸಲೇಬೇಕು. ಸಮುದ್ರದ ಹತ್ತಿರವಾದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೇ ಕೇಳಿ. ಹೊಸದು ಹಾಕಿದ ಮಾತ್ರಕ್ಕೆ ಹಳೇ ದಪ್ಪ ಪಟ್ಟಿ ಟೈಗಳ ತುಕ್ಕು ನಿಲ್ಲುವುದಿಲ್ಲ. ಅವನ್ನು ತೆಗೆಯಬೇಕು, ಇಲ್ಲವೇ ಗಾರೆಯಿಂದ ಬೇರ್ಪಡಿಸಬೇಕು. ಆ ಖರ್ಚನ್ನೂ ಅಂದಾಜಿಗೆ ಸೇರಿಸಿ.