ವರ್ಷದ ಚಂದಾ, ತಿಂಗಳ ಚಂದಾ, ಹಳೇ ಡಿವಿಡಿ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಟಿವಿ ಒಂದೇ, ನೋಡುವವರು ಮೂವರು. ಅತ್ತೆಗೆ ರಾತ್ರಿಯ ಕನ್ನಡ ಧಾರಾವಾಹಿ ಬೇಕು. ಯಜಮಾನರಿಗೆ ಇಂಗ್ಲಿಷ್ ಸೀರೀಸ್. ನನಗೆ ನೋಡಿದ್ದನ್ನೇ ಮತ್ತೆ ನೋಡುವ ಚಟ.

ಮೊದಲು ಒಂದು ಸ್ಟ್ರೀಮಿಂಗ್ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆವು. ತಿಂಗಳ ಲೆಕ್ಕ ಹಾಕಿದರೆ ಅಗ್ಗ, ಅಲ್ವಾ? ಕಟ್ಟಿದ್ದೇ ಒಂದು ಪತ್ತೇದಾರಿ ಸೀರೀಸ್‌ಗಾಗಿ. ನಾಲ್ಕನೇ ತಿಂಗಳು, ಮೂರನೇ ಸೀಸನ್ ಅರ್ಧಕ್ಕೆ ಬಂದಾಗ ಅದು ಮಾಯ. ಹುಡುಕಿದರೆ ಹೆಸರೂ ಬರಲಿಲ್ಲ. ಕೇಳಿದ್ದಕ್ಕೆ 'ಪ್ರಸಾರದ ಹಕ್ಕಿನ ಅವಧಿ ಮುಗಿದಿದೆ' ಎಂಬ ಉತ್ತರ ಬಂತು. ದುಡ್ಡು ವಾಪಸ್ ಇಲ್ಲ.

ಮುಂಬೈಯಲ್ಲಿ ಬಾಡಿಗೆ ಮನೆ ಹಿಡಿದವರಿಗೆ 11 ತಿಂಗಳ ಕರಾರು ಗೊತ್ತೇ ಇರುತ್ತದೆ. ಎಷ್ಟೋ ಸೀರೀಸ್‌ಗಳ ವಿಷಯದಲ್ಲಿ ಆ್ಯಪ್‌ನವರೂ ಹಾಗೇ ಬಾಡಿಗೆದಾರರು. ಕರಾರು ಮುಗಿದರೆ ಸಾಮಾನು ಕಟ್ಟಬೇಕು. ಅಮೆರಿಕದ ಎಚ್‌ಬಿಒ ಚಾನೆಲ್‌ನ ಸೀರೀಸ್‌ಗಳು 2023ರ ಮಾರ್ಚ್ 31ಕ್ಕೆ ಹಾಟ್‌ಸ್ಟಾರ್ ಬಿಟ್ಟು, ಮೇ ತಿಂಗಳಲ್ಲಿ ಜಿಯೋಸಿನಿಮಾಕ್ಕೆ ಬಂದವು. ಹಾಟ್‌ಸ್ಟಾರ್ ಬಿಟ್ಟಾಗ ಅವುಗಳಲ್ಲೊಂದಾದ 'ಸಕ್ಸೆಷನ್'ನ ಕೊನೆಯ ಸೀಸನ್ ಶುರುವಾಗಿ ಒಂದು ವಾರವೂ ಆಗಿರಲಿಲ್ಲ!

ಆಮೇಲೆ ತಿಂಗಳ ಚಂದಾಕ್ಕೆ ಬಂದೆವು. ವರ್ಷಪೂರ್ತಿ ಕಟ್ಟುತ್ತಾ ಹೋದರೆ ದುಬಾರಿ, ನಿಜ. ಆದರೆ ಬೇಕಾದ ಸೀರೀಸ್ ಎಲ್ಲಿದೆ ಎಂದು ನೋಡಿ, ಒಂದೇ ತಿಂಗಳು ಕಟ್ಟಿ, ಮುಗಿಸಿ ಹೊರಬಂದರೆ ಜಾಸ್ತಿ ಖರ್ಚಾಗುವುದಿಲ್ಲ. ದುಡ್ಡು ಕಟ್ಟಿದ ದಿನವೇ, ಪ್ರತಿ ತಿಂಗಳು ತಾನಾಗೇ ದುಡ್ಡು ಕಡಿತವಾಗುವ ಆಟೋಪೇ ನಿಲ್ಲಿಸಿಬಿಡಿ. ನಾನು ಮರೆತು ಎರಡು ತಿಂಗಳು ಸುಮ್ನೆ ಕಳೆದುಕೊಂಡಿದ್ದೇನೆ.

ಅತ್ತೆಗೆ ಮಾತ್ರ ಇದು ಒಗ್ಗಲಿಲ್ಲ. ಅವರು ನೋಡುವುದು ಕಲರ್ಸ್ ಕನ್ನಡದ ಧಾರಾವಾಹಿ. ಮೊದಲು ವೂಟ್ ಆ್ಯಪ್‌ನಲ್ಲಿತ್ತು, 2023ರಲ್ಲಿ ಜಿಯೋಸಿನಿಮಾ, 2025ರ ಫೆಬ್ರವರಿಯಿಂದ ಜಿಯೋಹಾಟ್‌ಸ್ಟಾರ್. "ನಿನ್ನೆ ಇಲ್ಲೇ ಇತ್ತಲ್ಲ ಮಾರಾಯ್ತಿ, ಎಲ್ಲಿ ಹೋಯ್ತು?" ಅಂತ ರಿಮೋಟ್ ಹಿಡಿದು ಕೇಳುತ್ತಿದ್ದರು. ಕೊನೆಗೆ ಕೇಬಲ್‌ನವನಿಗೆ ಹೇಳಿ ಕನ್ನಡ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಹಾಕಿಸಿದೆ. ನಮ್ಮ ಮರಾಠಿ-ಹಿಂದಿ ಪ್ಯಾಕಿನಲ್ಲಿ ಅವು ಇರಲಿಲ್ಲ.

ಇನ್ನು ನನ್ನ ಡಿವಿಡಿ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಡಿವಿಡಿ ಪೆಟ್ಟಿಗೆ ಅಪ್ಪ ಕೊಂಡಿದ್ದು. ಈಗಿನ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಹಾಕಲು ಜಾಗವೇ ಇಲ್ಲ. ಮುಂಬೈಯ ಎಲೆಕ್ಟ್ರಾನಿಕ್ಸ್ ಬಜಾರು ಲ್ಯಾಮಿಂಗ್ಟನ್ ರೋಡಿಗೆ ಹೋಗಿ 800 ರೂಪಾಯಿಗೆ ಹಳೇ ಪ್ಲೇಯರ್ ತಂದೆ. ದೊಡ್ಡ ಟಿವಿಯಲ್ಲಿ ಚಿತ್ರ ಮಸುಕು. ಒಂದು ಡಿಸ್ಕ್ ಗೀರು ಬಿದ್ದು ನಡುವೆ ತಡವರಿಸುತ್ತದೆ. ಹೊಸ ವೆಬ್ ಸೀರೀಸ್‌ಗಳಲ್ಲಿ ಎಷ್ಟೋ ಡಿಸ್ಕ್ ರೂಪದಲ್ಲಿ ಬರುವುದೇ ಇಲ್ಲ, ಹಾಗಾಗಿ ಯಜಮಾನರಿಗೆ ಇದರಿಂದ ಉಪಯೋಗ ಸೊನ್ನೆ. ಆದರೂ ನನ್ನ ಓಟು ಇದಕ್ಕೇ. ಮಾಲ್ಗುಡಿಯ ಪುಟ್ಟ ಹುಡುಗ ಸ್ವಾಮಿಯನ್ನು ನೋಡಬೇಕು ಅನಿಸಿದ ದಿನ ಸ್ವಾಮಿ ಕಪಾಟಿನಲ್ಲೇ ಇರುತ್ತಾನೆ.

ವರ್ಷದ ಚಂದಾವನ್ನು ಈ ಸಲ ಮುಂದುವರಿಸಲಿಲ್ಲ. ಯಜಮಾನರು ತಿಂಗಳಿಗೊಂದು ಆ್ಯಪ್ ಹಿಡಿದು ಓಡುತ್ತಿದ್ದಾರೆ. ಅತ್ತೆ ಕೇಬಲ್‌ನಲ್ಲಿ ಆರಾಮಾಗಿದ್ದಾರೆ, ಜಾಹೀರಾತು ಬಂದಾಗ ಎದ್ದು ಕುಕ್ಕರ್ ಇಡುತ್ತಾರೆ.