ಅಂಟಿಸಿದ ಬೀಡಿಂಗ್ ಕೀಳಲು ಯಾವುದು ವಾಸಿ? ಬಿಸಿ, ದಾರ, ಬ್ಲೇಡು, ಎಣ್ಣೆ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ

ಕಾಸರಗೋಡಿನ ಕಡೆ ಕಾರಿನ ಬಾಗಿಲ ಬೀಡಿಂಗ್ (ಪಕ್ಕಕ್ಕೆ ಅಂಟಿಸುವ ಉದ್ದನೆಯ ಪಟ್ಟಿ), ವೈಸರ್ (ಕಿಟಕಿಯ ಮೇಲಿನ ಮಳೆತಡೆ), ಕ್ರೋಮ್ ಪಟ್ಟಿ ಕೀಳುವುದಕ್ಕೆ ಅಂದಚಂದಕ್ಕಿಂತ ದೊಡ್ಡ ಕಾರಣವೊಂದಿದೆ. ಬೀಡಿಂಗಿನ ಅಂಚಿಗೂ ಒಳಗಿನ ಟೇಪಿಗೂ ನಡುವೆ ಉಳಿಯುವ ಸಂದಿಯಲ್ಲಿ ಕೆಂಪುಕಲ್ಲಿನ ಹುಡಿ ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒದ್ದೆಯಾಗಿಯೇ ಇರುತ್ತದೆ. ಉಪ್ಪಳ, ಕುಂಬಳೆ, ಮಂಜೇಶ್ವರದಂಥ ಕಡಲ ಬದಿಯ ಊರುಗಳಲ್ಲಿ ಜತೆಗೆ ಉಪ್ಪುಗಾಳಿ. ಪೇಂಟ್ ಒಂದು ಚೂರು ಎದ್ದಿದ್ದರೂ ಸಾಕು, ತುಕ್ಕು ಅಲ್ಲಿಂದಲೇ ಶುರು. ಆದ್ದರಿಂದ ಕೀಳುವುದು ಸರಿ. ಕೀಳುವಾಗ ಹೊಸ ಗೀರು ಬಿದ್ದರೆ ಮಾತ್ರ ಕೀಳದೆ ಇದ್ದದ್ದೇ ವಾಸಿ ಎನಿಸುತ್ತದೆ.

ಇದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದು ಬೀಡಿಂಗನ್ನು ಹಿಡಿದಿರುವ, ಎರಡೂ ಬದಿ ಅಂಟುವ ಡಬಲ್ ಟೇಪಿನ ಫೋಮನ್ನು ಸೀಳುವುದು, ಎರಡನೆಯದು ಪೇಂಟಿನ ಮೇಲೆ ಉಳಿದ ಗಮ್ ತೆಗೆಯುವುದು. ಎರಡನ್ನೂ ಒಂದೇ ಬ್ಲೇಡಿನಲ್ಲೋ ಒಂದೇ ಥಿನ್ನರಿನಲ್ಲೋ ಮುಗಿಸಲು ಹೊರಟಾಗಲೇ ಬಹುಪಾಲು ಪೇಂಟ್ ಹಾಳಾಗುವುದು.

ಯಾವ ವಿಧಾನವಾದರೂ ಸರಿ, ಮೊದಲು ಪೇಂಟ್ ಯಾವುದೆಂದು ನೋಡಿಕೊಳ್ಳಿ. ಕಂಪನಿಯಲ್ಲಿ ಹೊಡೆದ ಪೇಂಟನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸಿರುತ್ತಾರೆ, ಸುಲಭಕ್ಕೆ ಏಳುವುದಿಲ್ಲ. ವರ್ಕ್‌ಶಾಪಿನಲ್ಲಿ ಮತ್ತೆ ಹೊಡೆದದ್ದು 60 ಡಿಗ್ರಿಯ ಆಸುಪಾಸಿನಲ್ಲಿ, ಕೆಲವೊಮ್ಮೆ ಬರೀ ಗಾಳಿಯಲ್ಲಿ ಒಣಗಿದ್ದು. ಬಾಗಿಲ ರಬ್ಬರನ್ನು ಎತ್ತಿ ನೋಡಿ: ಅದರಡಿಯಲ್ಲಿ ಪೇಂಟಿನ ಗೆರೆಯೊಂದು ಏಣಾಗಿ ಕೈಗೆ ತಾಗಿದರೆ, ರಬ್ಬರಿನ ಮೇಲೆ ಸಿಡಿದ ಪೇಂಟಿನ ಹುಡಿ ಕಂಡರೆ, ಹಿಂಜಿನ ಬೋಲ್ಟಿನ ಮೂಲೆಗಳಲ್ಲಿ ಬಣ್ಣ ಒಡೆದಿದ್ದರೆ ಆ ಬಾಗಿಲು ರೀಪೇಂಟ್ ಆದದ್ದು. ಅಂಥದ್ದರಲ್ಲಿ ಟೇಪಿನ ಜತೆ ಪೇಂಟೇ ಹಾಳೆಯಂತೆ ಎದ್ದುಬರಬಹುದು. ಆಗ ಎಳೆಯುವ ಯಾವ ವಿಧಾನವೂ ಬೇಡ, ಸೀಳುವುದೊಂದೇ ದಾರಿ.

ಬಿಸಿಯ ವಿಷಯಕ್ಕೆ ಬರೋಣ. ಹೀಟ್ ಗನ್ನಿನ ಬಾಯಲ್ಲಿ 300ರಿಂದ 600 ಡಿಗ್ರಿಯ ಗಾಳಿ ಬರುತ್ತದೆ. ಟೇಪಿಗೆ ಬೇಕಾದದ್ದು 50ರಿಂದ 60 ಅಷ್ಟೆ. ಕೈ ಪಳಗಿದವರಿಗೆ ಅದರಲ್ಲಿ ಕೆಲಸ ಬೇಗ ಆಗುತ್ತದೆ ಎನ್ನುವುದು ನಿಜ. ಆದರೆ ಒಂದೇ ಜಾಗದಲ್ಲಿ ತುಸು ಹೊತ್ತು ನಿಂತರೆ ಪ್ಲಾಸ್ಟಿಕ್ ಬೀಡಿಂಗ್ ಬಾಗುತ್ತದೆ, ಬಂಪರಿನ ಮೇಲ್ಮೈ ಅಲೆಯೇಳುತ್ತದೆ. ಮನೆಯ ಹೇರ್ ಡ್ರೈಯರ್ ಎಷ್ಟು ಹಿಡಿದರೂ ಈ ಅನಾಹುತಕ್ಕೆ ಹೋಗುವುದು ಕಷ್ಟ. ಐದಾರು ಇಂಚು ದೂರದಲ್ಲಿ ಹಿಡಿದು, ಒಂದಡಿ ಉದ್ದದ ಭಾಗದ ಮೇಲೆ ಅತ್ತಿತ್ತ ಆಡಿಸುತ್ತ ಎರಡು ಮೂರು ನಿಮಿಷ ಕೊಟ್ಟರೆ ಸಾಕು. ಪಕ್ಕದ ತಗಡಿನ ಮೇಲೆ ಅಂಗೈ ಇಟ್ಟಾಗ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ತಡೆಯಲಾಗದಿದ್ದರೆ ಹದ ಬಂದಿದೆ. ರೀಪೇಂಟ್ ಆದ ಬಾಗಿಲಿಗೆ ಅದಕ್ಕಿಂತ ತುಸು ಕಡಿಮೆಯಲ್ಲೇ ನಿಲ್ಲಿಸಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇರುವವರು ಕ್ರೋಮ್ ಮೇಲೆ ಅಳೆಯಬಾರದು. ಹೊಳೆಯುವ ಮೇಲ್ಮೈಯಲ್ಲಿ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಅದನ್ನು ನಂಬಿದರೆ ಸುಡುವುದು ಖಂಡಿತ. ಪಕ್ಕದ ಪೇಂಟಿನ ಮೇಲೆ ಅಳೆಯಿರಿ.

ಬಂಪರಿಗೂ ಸಣ್ಣ ಲೋಗೋಗಳಿಗೂ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ದಪ್ಪ ಬಟ್ಟೆಯೇ ನಮ್ಮ ಮೊದಲ ಆಯ್ಕೆ. ಬಿಸಿ 100 ಡಿಗ್ರಿ ದಾಟುವ ಮಾತೇ ಇಲ್ಲ, ಮಳೆಗಾಲದಲ್ಲಿ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಉದ್ದದ ಬೀಡಿಂಗಿಗೆ ಮಾತ್ರ ಇದು ಸಾಲದು, ಒಂದು ತುದಿ ಬಿಸಿಯಾಗುವಷ್ಟರಲ್ಲಿ ಇನ್ನೊಂದು ತಣ್ಣಗಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಾದರೆ ಮಧ್ಯಾಹ್ನದ ಬಿಸಿಲೇ ಅರ್ಧ ಕೆಲಸ ಮಾಡಿಕೊಡುತ್ತದೆ. ಕಪ್ಪು, ಕಡುನೀಲಿ ಬಣ್ಣದ ಕಾರಿಗೆ ಬೇರೆ ಬಿಸಿಯೇ ಬೇಕಾಗದ ದಿನಗಳಿವೆ. ಕೀಳುವುದು ಬಿಸಿಲಲ್ಲಿ, ಗಮ್ ಒರೆಸುವುದು ನೆರಳಲ್ಲಿ ಎಂದು ನೆನಪಿಟ್ಟುಕೊಳ್ಳಿ. ಬಿಸಿ ತಗಡಿನ ಮೇಲೆ ಹಾಕಿದ ದ್ರವ ಗಮ್ ಕರಗುವ ಮೊದಲೇ ಹಾರಿಹೋಗುತ್ತದೆ.

ವೈಸರ್ ತೆಗೆಯುವವರಿಗೆ ಒಂದು ಎಚ್ಚರಿಕೆ. ಎಷ್ಟೋ ಕಾರುಗಳಲ್ಲಿ ಎರಡು ಬಾಗಿಲ ನಡುವಿನ ಕಪ್ಪು ಕಂಬದ ಮೇಲಿರುವುದು ಪೇಂಟ್ ಅಲ್ಲ, ತೆಳ್ಳಗಿನ ಸ್ಟಿಕರ್. ವೈಸರಿನ ತುದಿ ಅದರ ಮೇಲೆ ಕೂತಿದ್ದರೆ ಬಿಸಿಗೆ ಅದೂ ಸಡಿಲವಾಗಿ ಟೇಪಿನ ಹಿಂದೆಯೇ ಬರುತ್ತದೆ. ಆ ಭಾಗದಲ್ಲಿ ಬಿಸಿ ತೀರಾ ಕಡಿಮೆ ಇರಲಿ, ದಾರ ನಿಧಾನವಾಗಿ ಆಡಲಿ.

ಇನ್ನು ಸೀಳುವ ಉಪಕರಣಗಳು. ಇಲ್ಲಿ ಗೆದ್ದದ್ದು ಗಾಳದ ನೈಲಾನ್ ದಾರ, ಅದೂ 0.4ರಿಂದ 0.5 ಮಿಲಿಮೀಟರ್ ದಪ್ಪದ ಒಂಟಿ ಎಳೆಯದ್ದು. ಮೀನುಗಾರಿಕೆ ಸಾಮಾನಿನ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ಲೋಗೋದ ಒಂದೆರಡು ಅಕ್ಷರಕ್ಕೆ ಸರಿ, ಬೀಡಿಂಗಿಗೆ ಹೋದರೆ ಎಳೆ ಬಿಚ್ಚಿ ತುಂಡಾಗುತ್ತದೆ. ಹೆಣೆದ ಗಾಳದ ದಾರ ಹೆಚ್ಚು ಗಟ್ಟಿ, ಜಗ್ಗುವುದಿಲ್ಲ, ಫೋಮನ್ನು ಚಕಚಕನೆ ಕೊಯ್ಯುತ್ತದೆ. ಆದರೂ ನಮ್ಮ ಆಯ್ಕೆ ಅದಲ್ಲ. ಹೆಣಿಗೆಯ ಸಂದಿಯಲ್ಲಿ ಮಣ್ಣಿನ ಕಣ ಸಿಕ್ಕಿಕೊಂಡರೆ ದಾರವೇ ಗರಗಸವಾಗಿಬಿಡುತ್ತದೆ. ಒಂಟಿ ಎಳೆಯ ನುಣುಪು ಮೈಯಲ್ಲಿ ಕಣ ನಿಲ್ಲುವುದಿಲ್ಲ. ಗಾಜು ಬಿಚ್ಚುವ ಉಕ್ಕಿನ ತಂತಿಯನ್ನಂತೂ ಪೇಂಟಿನ ಹತ್ತಿರ ತರಬೇಡಿ.

ಕ್ರಮ ಹೀಗೆ. ಶಾಂಪೂ ನೀರು, ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಬೀಡಿಂಗಿನ ಮೇಲಂಚು ಕೆಳಅಂಚು ಎರಡನ್ನೂ ಕೆಂಪು ನೀರು ಬರುವುದು ನಿಲ್ಲುವ ತನಕ ತಿಕ್ಕಿ. ಇದನ್ನು ಬಿಟ್ಟವರಿಗೇ ಹೆಚ್ಚಾಗಿ ಗೀರು ಬೀಳುವುದು. ಒಣಗಿದ ಮೇಲೆ ಎರಡೂ ಬದಿ ಮಾಸ್ಕಿಂಗ್ ಟೇಪ್ ಹಚ್ಚಿ. ಎರಡಡಿ ದಾರ ತೆಗೆದು ಎರಡು ತುದಿಗೂ ಹಿಡಿಯಲು ಚಿಕ್ಕ ಕೋಲು ಕಟ್ಟಿಕೊಳ್ಳಿ; ದಾರವನ್ನು ಬೆರಳಿಗೇ ಸುತ್ತಿದರೆ ಬೆರಳು ಕೊಯ್ಯುತ್ತದೆ. ಬಿಸಿಯಾದ ತುದಿಯ ಹಿಂದೆ ದಾರ ತೂರಿಸಿ, ಬೀಡಿಂಗಿನ ಕಡೆಗೆ ಒತ್ತಿ ಹಿಡಿದು ಉದ್ದುದ್ದಕ್ಕೆ ಎಡಬಲ ಎಳೆಯಿರಿ. ಹದ ಸರಿಯಿದ್ದರೆ ದಾರ ಮೆತ್ತಗೆ ಜಾರುತ್ತದೆ, ಕರಿ ಫೋಮಿನ ಹುಡಿ ಸಣ್ಣ ಸುರುಳಿಗಳಾಗಿ ಕೆಳಗೆ ಉದುರುತ್ತದೆ. ಕಿರುಗುಟ್ಟಿದರೆ, ಜಗ್ಗಿ ನಿಂತರೆ ಟೇಪ್ ತಣ್ಣಗಾಗಿದೆ ಎಂದರ್ಥ; ಬಲ ಹಾಕಬೇಡಿ, ಮತ್ತೆ ಬಿಸಿ ಕೊಡಿ. ಎರಡೂ ಕಡೆಯಿಂದ ಬಂದ ದಾರ ಒಂದೇ ಜಾಗದಲ್ಲಿ ತಡೆದರೆ ಅಲ್ಲಿ ಪಿನ್ನೋ ಕ್ಲಿಪ್ಪೋ ಇದೆ. ಡಿಕ್ಕಿಯ ನಂಬರ್ ಪ್ಲೇಟಿನ ಮೇಲಿನ ಕ್ರೋಮ್ ಪಟ್ಟಿಗೆ ಅನೇಕ ಮಾದರಿಗಳಲ್ಲಿ ಒಳಗಿನಿಂದ ನಟ್ ಇರುತ್ತದೆ. ಒಳಗಿನ ಟ್ರಿಮ್ ಬಿಚ್ಚಿ ನೋಡದೆ ಮುಂದುವರಿದರೆ ತಗಡು ಸೊಟ್ಟಗಾಗುತ್ತದೆ.

ಮೀಟಿ ಎಬ್ಬಿಸುವ ಪ್ಲಾಸ್ಟಿಕ್ ಪ್ರೈ ಟೂಲ್ ಸುರಕ್ಷಿತ ಎಂಬ ಹೆಸರು ಪಡೆದಿದೆ. ಗೀರಿನ ಮಟ್ಟಿಗೆ ಅದು ನಿಜ, ತಗ್ಗಿನ ಮಟ್ಟಿಗೆ ಸುಳ್ಳು. ಬಾಗಿಲ ತಗಡು ಹೆಚ್ಚೆಂದರೆ 0.8 ಮಿಲಿಮೀಟರ್, ಮೀಟುವಾಗ ಟೂಲಿನ ಹಿಮ್ಮಡಿ ಒತ್ತುವುದು ಅದೇ ತಗಡಿನ ಮೇಲೆ. ದಾರ ಸೀಳಿ ಮುಗಿಸಿದ ತುದಿಯನ್ನು ಎತ್ತಿ ಹಿಡಿಯುವುದಕ್ಕೆ ಮಾತ್ರ ಬಳಸಿ. ಹಳೆಯ ಎಟಿಎಂ ಕಾರ್ಡ್ ಇದಕ್ಕಿಂತ ವಾಸಿ, ತಾನೇ ಬಾಗುತ್ತದೆ. ಪುಟ್ಟಿ ಬ್ಲೇಡಿನ ಬಗ್ಗೆ ಹೇಳುವುದಿಷ್ಟೆ: ಪೇಂಟಿನ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಇರುವುದು 40ರಿಂದ 50 ಮೈಕ್ರಾನ್, ಬಟ್ಟೆ ಸುತ್ತಿದ ಉಕ್ಕಿನ ಮೂಲೆಯೂ ಒಮ್ಮೆ ಜಾರಿದರೆ ಅದನ್ನು ದಾಟಿ ಹೋಗುತ್ತದೆ.

ಉಳಿದ ಗಮ್ಮಿಗೆ ಮೊದಲು ಹೆಬ್ಬೆರಳನ್ನೇ ಬಳಸಿ. ತಗಡು ಬೆಚ್ಚಗಿರುವಾಗಲೇ ಫೋಮಿನ ಅಂಚನ್ನು ಒತ್ತಿ ಉರುಳಿಸಿದರೆ ಚಪಾತಿ ಹಿಟ್ಟಿನಂತೆ ಉಂಡೆಕಟ್ಟಿ ಬರುತ್ತದೆ. ಒಳ್ಳೆಯ ಅಕ್ರಿಲಿಕ್ ಟೇಪಾದರೆ ಬಹುಪಾಲು ಹೀಗೆಯೇ ಹೋಗುತ್ತದೆ. ಆಮೇಲೆ ಕಂಪನಿ ಪೇಂಟಿನ ಮೇಲೆ ಡ್ರಿಲ್ಲಿಗೆ ಹಾಕುವ ರಬ್ಬರ್ ಚಕ್ರಕ್ಕೆ ಸಾಟಿ ಇಲ್ಲ. ಡ್ರಿಲ್ ವೇಗ ನಿಮಿಷಕ್ಕೆ 1,000ದಿಂದ 2,000 ಸುತ್ತು ಸಾಕು. ಆ್ಯಂಗಲ್ ಗ್ರೈಂಡರಿಗೆ ಹಾಕುವವರಿದ್ದಾರೆ. ಅದು 11,000ದ ಹತ್ತಿರ ತಿರುಗುತ್ತದೆ, ಚಕ್ರ ಚೂರಾಗಬಹುದು, ಪೇಂಟ್ ಸುಡುವುದಂತೂ ಸೈ. ಹಗುರಾಗಿ ಒತ್ತಿ, ಒಂದೇ ಕಡೆ ನಿಲ್ಲಿಸದೆ ಸರಿಸುತ್ತಿರಿ, ಆಗಾಗ ಕೈಯಿಟ್ಟು ಬಿಸಿ ನೋಡಿ. ರೀಪೇಂಟಿಗೂ ಪ್ಲಾಸ್ಟಿಕ್ ಬಂಪರಿಗೂ ಈ ಚಕ್ರ ಬೇಡವೇ ಬೇಡ.

ಅಲ್ಲಿ ಬೇಕಾದದ್ದು ಚಿಮಿಣಿ ಎಣ್ಣೆ (ಸೀಮೆಎಣ್ಣೆ) ಅಥವಾ ನೀಲಗಿರಿ ಎಣ್ಣೆ. ನೀಲಗಿರಿ ಎಣ್ಣೆ ಬೇಗ ಕೆಲಸ ಮಾಡುತ್ತದೆ, ಬೆಲೆ ಜಾಸ್ತಿ. ಚಿಮಿಣಿ ಎಣ್ಣೆ ನಿಧಾನ, ಪೇಂಟಿಗೆ ಮೃದು. ಬಟ್ಟೆ ಅದ್ದಿ ಗಮ್ಮಿನ ಮೇಲೆ ಹತ್ತು ನಿಮಿಷ ಹಾಸಿ ಬಿಟ್ಟು, ಉಬ್ಬಿದ ಮೇಲೆ ಕಾರ್ಡಿನಿಂದ ತಳ್ಳಿ. ಆಕ್ಸೆಸರಿ ಅಂಗಡಿಯ ಅಗ್ಗದ ಬಿಳಿ ಫೋಮ್ ಟೇಪಿನ ಎಳೆಎಳೆಯಾಗಿ ಬರುವ ರಬ್ಬರ್ ಗಮ್ ಇದಕ್ಕೆ ಚೆನ್ನಾಗಿ ಬಗ್ಗುತ್ತದೆ. ಡಬ್ಲ್ಯೂಡಿ-40 ಸ್ಪ್ರೇ ಕೂಡ ಹೆಚ್ಚುಕಮ್ಮಿ ಚಿಮಿಣಿ ಎಣ್ಣೆಯ ಸಾಲಿನದ್ದೇ. ಐಸೊಪ್ರೊಪೈಲ್ ಆಲ್ಕೋಹಾಲ್ ದಪ್ಪ ಗಮ್ ತೆಗೆಯುವುದಿಲ್ಲ, ಕೊನೆಯಲ್ಲಿ ಎಣ್ಣೆಯ ಜಿಡ್ಡು ಒರೆಸುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಪೇಂಟ್ ತೆಳುಮಾಡುವ ಎನ್‌ಸಿ ಥಿನ್ನರ್, ಉಗುರು ಬಣ್ಣ ತೆಗೆಯುವ ಅಸಿಟೋನ್ ಎರಡೂ ಎಲ್ಲಕ್ಕಿಂತ ಬೇಗ ಗಮ್ ಕರಗಿಸುತ್ತವೆ. ರೀಪೇಂಟನ್ನೂ ಅಷ್ಟೇ ಬೇಗ ಮೆತ್ತಗಾಗಿಸುತ್ತವೆ, ಹೆಡ್‌ಲೈಟಿನ ಪ್ಲಾಸ್ಟಿಕ್ ಮೇಲೆ ಒಂದು ಹನಿ ಬಿದ್ದರೂ ಬಿರುಕಿನ ಜಾಲ ಏಳುತ್ತದೆ. ಇವೆಲ್ಲ ಹೊತ್ತಿಕೊಳ್ಳುವ ವಸ್ತುಗಳು. ಹೀಟ್ ಗನ್, ಡ್ರೈಯರ್ ಎರಡರ ಪ್ಲಗ್ಗನ್ನೂ ಕಿತ್ತು, ತಗಡು ತಣ್ಣಗಾದ ಮೇಲೆಯೇ ಶೀಶೆ ತೆರೆಯಿರಿ.

ಗಮ್ ಹೋದ ಮೇಲೂ ಬೀಡಿಂಗ್ ಇದ್ದ ಗೆರೆ ಕಾಣಬಹುದು. ಸುತ್ತಲಿನ ಪೇಂಟಿನ ಮೇಲೆ ಕೂತ ಕೊಳೆ, ಮಬ್ಬು ಅದಕ್ಕೆ ಕಾರಣವಾದರೆ ಮೇಲ್ಪದರವನ್ನು ತುಸು ಉಜ್ಜಿ ತೆಗೆಯುವ ಕಟಿಂಗ್ ಕಾಂಪೌಂಡ್, ಅದರ ಮೇಲೆ ಫಿನಿಶಿಂಗ್ ಪಾಲಿಶ್ ಹಾಕಿದಾಗ ಹೋಗುತ್ತದೆ. ಬಿಸಿಲಿಗೆ ಬಣ್ಣವೇ ಮಾಸಿದ್ದರೆ, ಕೆಂಪು ಕಾರಿನಲ್ಲಿ ಇದು ಹೆಚ್ಚು, ಎಷ್ಟು ತಿಕ್ಕಿದರೂ ಹೋಗದು. ತಿಕ್ಕುತ್ತ ಹೋದರೆ ಕ್ಲಿಯರ್ ಕೋಟ್ ಸವೆಯುತ್ತದೆ. ಒಂದು ಗೇಣು ಜಾಗದಲ್ಲಿ ಎರಡು ಸಲ ಹೊಡೆದು ನೋಡಿ. ಗೆರೆ ತೆಳುವಾಗದಿದ್ದರೆ ಅಲ್ಲಿಗೆ ಬಿಟ್ಟು, ಅದೇ ಅಗಲದ ಹೊಸ ಬೀಡಿಂಗನ್ನು ಒಳ್ಳೆಯ ಅಕ್ರಿಲಿಕ್ ಟೇಪಿನಲ್ಲಿ ಅಂಟಿಸಿ. ಮಳೆಯಿಲ್ಲದ ದಿನ ನೋಡಿ ಹಚ್ಚಬೇಕು, ಪೂರ್ತಿ ಹಿಡಿತ ಬರಲು 72 ಗಂಟೆ ಬೇಕಾಗುವುದರಿಂದ ಅಲ್ಲಿಯವರೆಗೆ ಕಾರಿಗೆ ಪ್ರೆಶರ್ ವಾಷರ್ ಹಿಡಿಯಬಾರದು.